ನಾಳೆಯ ಸುದ್ದಿ ಬಿಟ್ಟಿ ಸಿಗುವ ಊರಿನಲ್ಲಿ ನನ್ನ ಪಾತ್ರಗಳ ಪೇಪರ್ ಯಾರು ಕೊಳ್ಳುತ್ತಾರೆ?

ತಿಪಟೂರು ಚಿಪ್ಪು
ಎಲ್ಲರಿಗೂ ನಮಸ್ಕಾರ. ತೇಲೂರಿನ ಕಥೆಗಳನ್ನು ಓದಿದ ಮೇಲೆ ಸುಮ್ಮನಿರಲಾಗದೆ ನಾನೂ ಅಲ್ಲಿಗೆ ಮೂರು ಪಾತ್ರ ಸೇರಿಸಿದ್ದೇನೆ.

ಹೊಸಬರಿಗೆ ಒಂದು ಮಾತು. ತೇಲೂರು ನಮ್ಮ ಅಡ್ಮಿನ್ ಅಕ್ಕ ಕಟ್ಟಿದ ಊರು. ಒಂದು ಗುಡ್ಡ, ಅದರ ಮೇಲೆ ಮುನ್ನೂರು ಮನೆ. ರಾತ್ರಿ ಹಗ್ಗ ಬಿಚ್ಚಿದರೆ ಗುಡ್ಡ ಗಾಳಿಯಲ್ಲಿ ತೇಲುತ್ತಾ ಹೋಗುತ್ತದೆ. ಬೆಳಿಗ್ಗೆ ಎಲ್ಲಿಗೆ ಬಂದಿದೆಯೋ ಅಲ್ಲೊಂದು ಹುಣಸೆಮರ ಹುಡುಕಿ ಮತ್ತೆ ಕಟ್ಟುತ್ತಾರೆ. ಜನ ಮೋಡಗಳನ್ನು ಎಮ್ಮೆಗಳ ಹಾಗೆ ಗೊಂತಿಗೆ ಕಟ್ಟಿ ಮಳೆ ಕರೆಯುತ್ತಾರೆ.

ನನ್ನ ಓಸಿಗಳು ಅಲ್ಲಿ ಪೇಪರ್ ನಡೆಸುತ್ತವೆ. ಪೇಪರಿನ ಹೆಸರು 'ತಂಗಳು'. ಸಂಪಾದಕಿ ತಂಗಳಜ್ಜಿ. ಎರಡನೆಯವನು ಕರಡಪ್ಪ, ಕರಡಿ. ಕರಡು ತಿದ್ದುವುದು ಅವನ ಕೆಲಸ (ಹೌದು, ಆ ಹೆಸರಿಗೋಸ್ಕರವೇ ಕರಡಿ ಮಾಡಿದ್ದು). ಮೂರನೆಯವಳು ಲೊಚ್ಚಮ್ಮ, ಹಲ್ಲಿ. ವರದಿ ಓದುವಾಗ ನಿಜ ಇದ್ದರೆ ಗೋಡೆ ಮೇಲಿಂದ 'ಲೊಚ್' ಅನ್ನುತ್ತಾಳೆ. ಲೊಚ್ ಅನ್ನದಿದ್ದರೆ ಆ ಸುದ್ದಿ ಅಚ್ಚಿಗೆ ಹೋಗುವುದಿಲ್ಲ.

ಈಗ ಸಮಸ್ಯೆ. ಮೂಲ ಕಥೆಯಲ್ಲಿ ಒಬ್ಬ ಬುಡಬುಡಿಕೆಯವನು ಇದ್ದಾನಲ್ಲ, ಕೋಳಿ ಕೂಗುವ ಮೊದಲೇ ಮನೆ ಮುಂದೆ ನಿಂತು ಹಾಲಕ್ಕಿ ನುಡಿ ಕೇಳಿ ನಾಳೆ ಆಗುವುದನ್ನು ಹೇಳಿಬಿಡುತ್ತಾನೆ. ಅವನು ಹೇಳಿದ್ದು ಮುಕ್ಕಾಲು ಪಾಲು ಆಗಿಯೂ ಆಗುತ್ತದೆ. ಒಂದು ಹಿಡಿ ರಾಗಿ, ಒಂದು ಹಳೇ ಬಟ್ಟೆ ಕೊಟ್ಟರೆ ಸಾಕು. ನಾಳೆಯದು ಹೀಗೆ ಸಿಗುವಾಗ ನಿನ್ನೆಯದನ್ನು ದುಡ್ಡು ಕೊಟ್ಟು ಯಾರು ಓದುತ್ತಾರೆ? ಮೂರು ಅಧ್ಯಾಯ ಬರೆದು ಇಲ್ಲೇ ನಿಂತಿದ್ದೇನೆ. ಸಹಾಯ ಮಾಡಿ.

ಸುಮ್ನೆ ಓದುಗ
'ನನ್ನ ಓಸಿಗಳು ಪೇಪರ್ ನಡೆಸುತ್ತವೆ' ಅಂತ ಓದಿ ಎದೆ ಧಸಕ್ ಅಂದಿತು. ನಮ್ಮ ಕಡೆ ಓಸಿ ಅಂದರೆ ಮಟ್ಕಾ ಕಣ್ರೀ.

ಪಾವಗಡ ಬಿಸಿಲು
ಅದೇ! ಓಸಿ ಬರೆಯುವವರಿಗೆ ನಾಳೆಯ ನಂಬರ್ ಹೇಳುವ ಬುಡಬುಡಿಕೆಯವನು ಸಿಕ್ಕರೆ ಊರೇ ಉದ್ಧಾರ.

ತಿಪಟೂರು ಚಿಪ್ಪು
ಅಯ್ಯೋ, ಅದಲ್ಲ. ಬೇರೆಯವರ ಲೋಕದೊಳಗೆ ನಾವು ಹುಟ್ಟಿಸಿದ ಪಾತ್ರಕ್ಕೆ ಇಂಗ್ಲಿಷ್ ಗುಂಪುಗಳಲ್ಲಿ ಹಾಗೆ ಕರೆಯುತ್ತಾರೆ. ಕನ್ನಡದಲ್ಲಿ ಒಳ್ಳೇ ಪದ ಇದ್ದರೆ ಹೇಳಿ, ಅದನ್ನೇ ಬಳಸುತ್ತೇನೆ.

ಗುಬ್ಬಿ ಪರದೆ
ಬೇರೆಯವರು ಕಟ್ಟಿದ ಮನೆಗೆ ಹೋಗಿ, ಅಲ್ಲೇ ಉಂಡು, ಅಲ್ಲೇ ಅಧಿಕಾರ ನಡೆಸುವವನು. ಮನೆಅಳಿಯ.

ಸುಮ್ನೆ ಓದುಗ
ಮುಗೀತು. ಇನ್ನು ಮೇಲೆ ಇಲ್ಲಿ ಎಲ್ಲರೂ ಮನೆಅಳಿಯ ಅಂತಲೇ ಬರೆಯಬೇಕು.

ಪೇಪರ್ ಸೈಕಲ್
ವಿಷಯಕ್ಕೆ ಬರುತ್ತೇನೆ. ನಾನು ಪಿಯುಸಿ ಓದುವಾಗ ತುಮಕೂರಿನಲ್ಲಿ ಎರಡು ವರ್ಷ ಪೇಪರ್ ಹಾಕಿದವನು. ಬಿ.ಎಚ್. ರಸ್ತೆಯ ಒಂದು ಮುಚ್ಚಿದ ಅಂಗಡಿ ಮುಂದೆ ಬೆಳಗಿನ ನಾಲ್ಕೂವರೆಗೆ ಬಂಡಲ್ ಬೀಳುತ್ತಿತ್ತು. ಅಲ್ಲೇ ನೆಲದ ಮೇಲೆ ಕೂತು ಎಣಿಸಬೇಕು, ಒಳಪುಟ ಸೇರಿಸಬೇಕು, ಸೀರೆ ಅಂಗಡಿಯ ಚೀಟಿ ತುರುಕಬೇಕು. ಆಮೇಲೆ ಲೈನಿಗೆ ತಕ್ಕ ಹಾಗೆ ಜೋಡಿಸಿ ಸೈಕಲ್ಲಿಗೆ ಏರಿಸಬೇಕು. ಯಾವ ಮನೆಗೆ ಯಾವ ಪೇಪರ್ ಅನ್ನುವುದು ಬಾಯಿಪಾಠ. ಯಾವ ಮನೆ ನಾಯಿ ಬಿಚ್ಚಿರುತ್ತದೆ ಅನ್ನುವುದು ಕಾಲಿಗೇ ಗೊತ್ತಿರುತ್ತಿತ್ತು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಹೊಸ ಸುದ್ದಿಗೆ ಅಂತ ಯಾರೂ ಪೇಪರ್ ಕೊಳ್ಳುವುದಿಲ್ಲ. ಹಿಂದಿನ ರಾತ್ರಿ ಟೀವಿಯಲ್ಲಿ ಕೊನೇ ಬಾಲ್ ತನಕ ಮ್ಯಾಚ್ ನೋಡಿದವರೇ ಬೆಳಿಗ್ಗೆ ಎದ್ದು ಮೊದಲು ಕ್ರೀಡಾಪುಟ ತೆಗೆಯುತ್ತಿದ್ದರು. ನಮ್ಮ ಲೈನಿನಲ್ಲಿ ಒಬ್ಬರು ತಾತ ಗೇಟ್ ಹತ್ತಿರವೇ ಕಾಯುತ್ತಿದ್ದರು. ಕೈಗೆ ಕೊಟ್ಟ ತಕ್ಷಣ ತೆಗೆಯುತ್ತಿದ್ದದ್ದು ಶ್ರದ್ಧಾಂಜಲಿ ಪುಟ. 'ನಮ್ಮ ವಯಸ್ಸಿನವರು ಯಾರು ಹೋದರು ನೋಡಬೇಕಪ್ಪ' ಅನ್ನುತ್ತಿದ್ದರು. ಆಮೇಲೆ ಪೇಪರ್ ಮಡಿಸಿ ಒಳಗೆ ಇಡುತ್ತಿದ್ದರು. ಮುಖಪುಟ ಅವರಿಗೆ ಬೇಕಾಗಿಯೇ ಇರಲಿಲ್ಲ.

ಇನ್ನೊಂದು. ನಿಮ್ಮ ಅಜ್ಜಿ, ಕರಡಿ, ಹಲ್ಲಿ ಮೂವರೂ ಆಫೀಸಿನಲ್ಲೇ ಕೂತಿದ್ದಾರೆ. ಪೇಪರ್ ಹಾಕುವವರು ಯಾರು? ಈ ಥರ ಕಥೆ ಬರೆಯುವವರೆಲ್ಲ ಸಂಪಾದಕರ ಮೇಜಿನ ಹತ್ತಿರವೇ ನಿಂತುಬಿಡುತ್ತಾರೆ.

ತಿಪಟೂರು ಚಿಪ್ಪು
ಅಣ್ಣ, ನಿಜ ಹೇಳಬೇಕೆಂದರೆ ಹಾಕುವವರ ಬಗ್ಗೆ ನಾನು ಯೋಚನೆಯೇ ಮಾಡಿರಲಿಲ್ಲ. ನಾಚಿಕೆ ಆಗುತ್ತಿದೆ.

ಚಿಂತಾಮಣಿ ಚಿಟ್ಟೆ
ನನ್ನ ತಕರಾರು ಹಲ್ಲಿಯ ಮೇಲೆ. ಬುಡಬುಡಿಕೆಯವನನ್ನು ಬಿಡಿ, ಲೊಚ್ಚಮ್ಮ ಇದ್ದ ಮೇಲೆ ಕಥೆ ಎಲ್ಲಿದೆ? ಯಾವುದು ನಿಜ ಅಂತ ಗೋಡೆಯೇ ಹೇಳಿಬಿಟ್ಟರೆ ವರದಿಗಾರನಿಗೆ ಕೆಲಸ ಏನು? ಕಳ್ಳತನ ಆಯಿತು ಅಂದುಕೊಳ್ಳಿ. ಮುನ್ನೂರು ಮನೆಯವರ ಹೆಸರು ಒಂದೊಂದಾಗಿ ಓದಿದರೆ ಆಯಿತು, ಕಳ್ಳನ ಹೆಸರಿಗೆ ಲೊಚ್. ಐದು ನಿಮಿಷದ ಕೆಲಸ. ಇಷ್ಟು ಶಕ್ತಿ ಕೊಟ್ಟ ಪಾತ್ರ ಕಥೆಯನ್ನು ತಿಂದು ಹಾಕುತ್ತದೆ.

ಕೋರಾ ಸಂತೆ
ಒಪ್ಪಿದೆ. ಮನೆಅಳಿಯನಿಗೆ ಬೀಗದ ಕೈ ಪೂರ್ತಿ ಕೊಡಬಾರದು.

ಶಿಡ್ಲಘಟ್ಟ ಗೂಡು
ನಮ್ಮ ಮನೆ ಹಲ್ಲಿ ದಿನಕ್ಕೆ ಐವತ್ತು ಸಲ ಲೊಚಗುಟ್ಟುತ್ತದೆ. ನಮ್ಮತ್ತೆ ಏನು ಹೇಳುತ್ತಿದ್ದರೂ ಸರಿಯಾಗಿ ಆಗಲೇ ಲೊಚಗುಟ್ಟುತ್ತದೆ. ಅವರು ನೆಲ ಕುಟ್ಟಿ 'ಕೃಷ್ಣ ಕೃಷ್ಣ, ನೋಡು ಸತ್ಯ' ಅಂದುಬಿಟ್ಟರೆ ಮಾತು ಮುಗಿಯಿತು. ಹಾಗಾಗಿ ನನಗೆ ಹಲ್ಲಿಯ ಸತ್ಯದ ಮೇಲೆ ಮೊದಲಿನಿಂದಲೂ ಅನುಮಾನ.

ರಾತ್ರಿ ಪಾಳಿ
ಹದಿನೆಂಟು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತವನು ನಾನು. ಚಿಟ್ಟೆ ಅವರ ತಕರಾರಿಗೆ ಉತ್ತರ ಹೇಳುತ್ತೇನೆ. ಹಲ್ಲಿ ವಾಕ್ಯ ನಿಜವೇ ಅಂತ ಮಾತ್ರ ಹೇಳುತ್ತದೆ, ಸುದ್ದಿ ಪೂರ್ತಿಯೇ ಅಂತ ಹೇಳುವುದಿಲ್ಲ. 'ಗೌಡರ ಮೋಡ ಕೆರೆ ದಂಡೆಯಲ್ಲಿ ಸಿಕ್ಕಿತು.' ಲೊಚ್. 'ಅದೇ ಹೊತ್ತಿಗೆ ಹೊಲೆಯುವ ಸೀನ ಕೆರೆ ದಂಡೆಯಲ್ಲಿದ್ದ.' ಲೊಚ್. ಎರಡೂ ನಿಜ. ಆದರೆ ಎರಡನ್ನೂ ಪಕ್ಕಪಕ್ಕ ಹಾಕಿದರೆ ಸೀನ ಮೋಡಗಳ್ಳ ಆಗಿಬಿಟ್ಟ. ಅವನು ಹೋಗಿದ್ದು ಬಟ್ಟೆ ಒಗೆಯಲು ಅನ್ನುವ ಮೂರನೇ ವಾಕ್ಯವನ್ನು ಯಾರೂ ಬರೆಯಲೇ ಇಲ್ಲ. ಬರೆಯದ ವಾಕ್ಯಕ್ಕೆ ಹಲ್ಲಿ ಲೊಚಗುಟ್ಟುವುದು ಹೇಗೆ? ನಮ್ಮ ವೃತ್ತಿಯಲ್ಲಿ ಅರ್ಧ ಅನಾಹುತ ಆಗುವುದು ಹೀಗೆಯೇ, ಸುಳ್ಳಿನಿಂದ ಅಲ್ಲ. ಕರಡಪ್ಪನಿಗೆ ಆ ಜಾಗದಲ್ಲಿ ಕೆಲಸ ಕೊಡಿ.

ತಪ್ಪುಗಳ ಬಗ್ಗೆ ಒಂದು ಕಥೆ ಹೇಳದೆ ಹೋದರೆ ನಿದ್ದೆ ಬರಲ್ಲ. ಪತ್ರಿಕೆಯ ಹೆಸರು ಬೇಡ. ಒಂದು ರಾತ್ರಿ ಪುಟ ಕಟ್ಟುವಾಗ ಹುಟ್ಟುಹಬ್ಬದ ಶುಭಾಶಯದ ಫೋಟೋ ಹೋಗಿ ಶ್ರದ್ಧಾಂಜಲಿಯಲ್ಲಿ ಕೂತಿತು. ಬೆಳಿಗ್ಗೆ ಹತ್ತಕ್ಕೆ 'ತೀರಿಕೊಂಡವರು' ಸ್ಕೂಟರಿನಲ್ಲಿ ಆಫೀಸಿಗೆ ಬಂದರು. ಬೈಗುಳಕ್ಕೆ ತಯಾರಾಗಿ ನಿಂತಿದ್ದೆವು. ಅವರು ಕೂತು ನೀರು ಕುಡಿದು, 'ನಾಳೆ ತಿದ್ದುಪಡಿ ಹಾಕಿ, ಆದರೆ ಇದಕ್ಕಿಂತ ಒಳ್ಳೇ ಫೋಟೋ ತಂದಿದ್ದೇನೆ, ಅದನ್ನು ಹಾಕಿ' ಅಂದರು.

ಚಿಂತಾಮಣಿ ಚಿಟ್ಟೆ
ಮೂರನೇ ವಾಕ್ಯದ ಮಾತು ಒಪ್ಪಿದೆ. ಹಲ್ಲಿ ಇರಲಿ. ಆದರೆ ವಾರಕ್ಕೊಂದು ದಿನ ಬಾಯಿಗೆ ನೊಣ ತುಂಬಿಕೊಂಡು ಲೊಚ್ ಅನ್ನಲಾಗದೆ ಕೂರಬೇಕು.

ಮಧುಗಿರಿ ಬಂಡೆ
ಪೇಪರ್ ಅಚ್ಚಾಗುವುದು ಹೇಗೆ ಅಂತ ಬರೆದಿದ್ದೀರಾ? ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಟಿತು. ಹರ್ಮನ್ ಮೊಗ್ಲಿಂಗ್ ಹೊರಡಿಸಿದ್ದು. ಈಗಲೂ ಜುಲೈ 1 ನಮಗೆ ಪತ್ರಿಕಾ ದಿನ. ಮೊಗ್ಲಿಂಗ್ ಕೂಡ ಸೀಸದ ಅಚ್ಚುಮೊಳೆ ಜೋಡಿಸಿಯೇ ಅಚ್ಚು ಹಾಕಿಸಿದ್ದು. ತೇಲೂರಿನಲ್ಲೂ ಅದೇ ಮಾಡಿ.

ರಾತ್ರಿ ಪಾಳಿ
ಬಂಡೆ ಸಾರ್, ದಿನಾಂಕ ಸರಿ, ಅಚ್ಚು ತಪ್ಪು. ಅದು ಕಲ್ಲಚ್ಚು. ಮೊಳೆ ಇಲ್ಲ. ಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಕೈಯಿಂದ ಬರೆದು, ನೀರು ಸವರಿ, ಮೇಲೆ ಮಸಿ ಉರುಳಿಸುತ್ತಾರೆ. ಜಿಡ್ಡಿದ್ದ ಕಡೆ ಮಸಿ ಹಿಡಿಯುತ್ತದೆ, ಒದ್ದೆ ಇದ್ದ ಕಡೆ ಹಿಡಿಯುವುದಿಲ್ಲ.

ಮಧುಗಿರಿ ಬಂಡೆ
ಓಹೋ. ಹಾಗಾದರೆ ಇನ್ನೂ ಒಳ್ಳೆಯದು! ನಮ್ಮ ಮಧುಗಿರಿ ಬೆಟ್ಟ ಪೂರ್ತಿ ಏಕಶಿಲೆ. ತೇಲೂರು ನಮ್ಮ ಬೆಟ್ಟದ ಮೇಲೆ ಬಂದು ನಿಂತ ದಿನ ಬೆಟ್ಟವನ್ನೇ ಅಚ್ಚಿನ ಕಲ್ಲು ಮಾಡಿಕೊಂಡು ಊರಗಲದ ಪೇಪರ್ ಒತ್ತಬಹುದು.

ರಾತ್ರಿ ಪಾಳಿ
ಕಲ್ಲಚ್ಚಿಗೆ ನುಣ್ಣನೆ ಸುಣ್ಣಕಲ್ಲು ಬೇಕು. ಅದು ನೀರನ್ನೂ ಜಿಡ್ಡನ್ನೂ ಹಿಡಿದುಕೊಳ್ಳುತ್ತದೆ. ನಿಮ್ಮದು ಗ್ರಾನೈಟ್.

ಮಧುಗಿರಿ ಬಂಡೆ
ಹಾರುವ ಗುಡ್ಡ ಒಪ್ಪುತ್ತೀರಿ, ಲೊಚ್ ಅನ್ನುವ ಪ್ರೂಫ್ ರೀಡರ್ ಒಪ್ಪುತ್ತೀರಿ, ನಮ್ಮ ಗ್ರಾನೈಟ್ ಮಾತ್ರ ಒಪ್ಪಲ್ಲ. ಇರಲಿ ಬಿಡಿ.

ಮೊಳೆ ಮಗ
ಮೊಳೆ ಅಂದ ಕೂಡಲೇ ಬಂದೆ. ನಮ್ಮಪ್ಪ ತುಮಕೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದರು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜೊತೆಗೆ ಒಂದು ವಾರಪತ್ರಿಕೆ. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ. ನಮ್ಮದಕ್ಕೆ ಕಾಗುಣಿತ, ಒತ್ತು ಎಲ್ಲ ಸೇರಿ ನೂರಾರು ಮೊಳೆ. ಒಂದೊಂದಕ್ಕೂ ಒಂದೊಂದು ಖಾನೆ. ಅಪ್ಪ ಖಾನೆ ಕಡೆ ನೋಡುತ್ತಲೇ ಇರಲಿಲ್ಲ, ಕೈ ತಾನಾಗಿ ಹೋಗುತ್ತಿತ್ತು. ಎಲ್ಲವೂ ಕನ್ನಡಿ ಅಕ್ಷರ, ಬಲದಿಂದ ಎಡಕ್ಕೆ ಓದಬೇಕು. ಕೊನೇ ದಿನಗಳಲ್ಲಿ ಆಸ್ಪತ್ರೆಯ ಗಾಜಿನ ಬಾಗಿಲ ಮೇಲಿನ ಬೋರ್ಡನ್ನು ಒಳಗಡೆಯಿಂದ ಸರಾಗವಾಗಿ ಓದಿಬಿಟ್ಟಿದ್ದರು. ನರ್ಸ್ ಗಾಬರಿ ಆದರು.

ನಿಮ್ಮ ಕಥೆಗೆ ಒಂದು ವಿಷಯ ಕೊಡುತ್ತೇನೆ. ಜೋಡಿಸುತ್ತಾ ಜೋಡಿಸುತ್ತಾ ಒಂದು ಅಕ್ಷರ ಮುಗಿದುಹೋಗುತ್ತಿತ್ತು. 'ಳ್ಳ' ಯಾವಾಗಲೂ ಮೊದಲು ಖಾಲಿ. ಆಗ ಬೇರೆ ಯಾವುದೋ ಮೊಳೆಯನ್ನು ತಲೆಕೆಳಗು ಮಾಡಿ ಅಲ್ಲಿ ನಿಲ್ಲಿಸುವುದು. ಕರಡಿನಲ್ಲಿ ಅಲ್ಲೊಂದು ಕಪ್ಪು ಚೌಕ ಬೀಳುತ್ತದೆ. ಹಿಂದಿನ ಪುಟದ ಮೊಳೆ ಬಿಡುಗಡೆ ಆದ ಮೇಲೆ ಸರಿಯಾದದ್ದನ್ನು ಹಾಕುವುದು. ಒಮ್ಮೆ ಮರೆತು ಹಾಗೇ ಅಚ್ಚಾಯಿತು. 'ಬೆಳ್ಳಿ ಹಬ್ಬ' ಅನ್ನುವ ಕಡೆ 'ಬೆ', ಒಂದು ಕಪ್ಪು ಚೌಕ, 'ಹಬ್ಬ'. ಸಂಘದವರು ಜಗಳಕ್ಕೆ ಬಂದರು.

ತೇಲೂರಿನಲ್ಲಿ ಯಾವ ಅಕ್ಷರ ಖಾಲಿ ಆಗುತ್ತದೋ ಆ ದಿನ ಊರಿನಲ್ಲಿ ಯಾರೂ ಆ ಅಕ್ಷರ ಆಡುವ ಹಾಗಿಲ್ಲ ಅಂತ ಮಾಡಿದರೆ ಹೇಗೆ?

ಸುಮ್ನೆ ಓದುಗ
'ಳ್ಳ' ಖಾಲಿ ಆದ ದಿನ ಕಳ್ಳನ ಸುದ್ದಿ ಹಾಕುವ ಹಾಗಿಲ್ಲ. ಮೋಡಗಳ್ಳ ಬಚಾವ್.

ತಿಪಟೂರು ಚಿಪ್ಪು
ಸುಮ್ನೆ ಓದುಗ, ಇದನ್ನು ನಾನು ಕದಿಯುತ್ತೇನೆ. ಇವತ್ತು ಬೇಡ, 'ಳ್ಳ' ಖಾಲಿ ಆದ ದಿನ.

ಮುಳಬಾಗಿಲು ದೋಸೆ
ಪತ್ರಿಕೆ ಅಂದಮೇಲೆ ನಮ್ಮೂರನ್ನು ಬಿಡೋದು ಹೇಗೆ? ಡಿವಿಜಿ 1887ರಲ್ಲಿ ಹುಟ್ಟಿದ್ದು ಮುಳಬಾಗಿಲಿನಲ್ಲಿ. ಎಲ್ಲರಿಗೂ ಅವರ ಪದ್ಯ ಗೊತ್ತು. ಅವರು ಪತ್ರಕರ್ತರಾಗಿ ದುಡಿದವರು, 'ಕರ್ನಾಟಕ' ಅನ್ನುವ ಇಂಗ್ಲಿಷ್ ಪತ್ರಿಕೆ ನಡೆಸಿದವರು ಅನ್ನುವುದು ಜಾಸ್ತಿ ಜನಕ್ಕೆ ಗೊತ್ತಿಲ್ಲ.

ಚಂದಾ ವಸೂಲಿಗೆ ಒಂದು ಚೇಳು ಪಾತ್ರ ಮಾಡಿ. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನ ಹುಂಡಿ ಇದೆಯಲ್ಲ, ಹಾಗೆ. ಬಾಕಿ ಇಟ್ಟುಕೊಂಡವರ ಮನೆ ಬಾಗಿಲಲ್ಲಿ ಹೋಗಿ ಸುಮ್ಮನೆ ಕೂರುತ್ತದೆ. ಅಷ್ಟೇ.

ಬಂಗಾರಪೇಟೆ ರೈಲು
ದೇವರನ್ನು ವಸೂಲಿ ಗುಮಾಸ್ತೆ ಮಾಡಬೇಡಿ. ನಮ್ಮ ಮನೆಯಲ್ಲಿ ಚೇಳಮ್ಮನಿಗೆ ಹರಕೆ ಹೊರುತ್ತಾರೆ.

ಮುಳಬಾಗಿಲು ದೋಸೆ
ದೇವರನ್ನಲ್ಲ ಅಣ್ಣ, ಸುಮ್ನೆ ಒಂದು ಚೇಳು. ಉದಾಹರಣೆಗೆ ಹೇಳಿದೆ.

ಬಂಗಾರಪೇಟೆ ರೈಲು
ಹಾಗಾದರೆ ಕೋಲಾರದ ಹೆಸರು ತೆಗೆಯಿರಿ. ಚೇಳಿಗೆ ನನ್ನದೇನೂ ಅಭ್ಯಂತರ ಇಲ್ಲ. ನಮ್ಮ ಬೀದಿಯಲ್ಲಿ ಚೀಟಿ ದುಡ್ಡು ಕೊಡದವರ ಮನೆಗೂ ಒಂದು ಕಳಿಸಿ.

ಶಿಡ್ಲಘಟ್ಟ ಗೂಡು
ಪೇಪರ್ ಯಾಕೆ ಕೊಳ್ಳುತ್ತಾರೆ ಅನ್ನುವುದಕ್ಕೆ ನನ್ನದೊಂದು. ಧಾರಣೆ. ನಮ್ಮಲ್ಲಿ ರೇಷ್ಮೆಗೂಡು, ಕೋಲಾರದಲ್ಲಿ ಟೊಮೆಟೊ, ನಿಮ್ಮ ತಿಪಟೂರಿನಲ್ಲಿ ಕೊಬ್ಬರಿ. ನಿನ್ನೆ ಎಷ್ಟಕ್ಕೆ ಹೋಯಿತು ಅಂತ ಗೊತ್ತಿಲ್ಲದೆ ಇವತ್ತು ಯಾರು ಮಾರುಕಟ್ಟೆಗೆ ಹೋಗುತ್ತಾರೆ? ಬುಡಬುಡಿಕೆಯವನು 'ನಾಳೆ ಒಳ್ಳೇ ರೇಟು ಬರುತ್ತದೆ ತಾಯಿ' ಅನ್ನಬಹುದು. ಎಷ್ಟಕ್ಕಿಂತ ಒಳ್ಳೇದು? ಅದಕ್ಕೆ ನಿನ್ನೆಯ ಅಂಕಿ ಬೇಕು. ತೇಲೂರಿನಲ್ಲಿ ಮೋಡದ ಧಾರಣೆ ಹಾಕಿ. ಕರಿ ಮೋಡ ಇಷ್ಟು, ಬಿಳಿ ಮೋಡ ಇಷ್ಟು, ಗೊಡ್ಡು ಮೋಡ ಕೇಳುವವರಿಲ್ಲ.

ನಂದಿ ಇಬ್ಬನಿ
ಮೋಡ ಅಂದಿರಲ್ಲ, ಒಂದು ಬೇಡಿಕೆ. ಪಾಲಾರ್, ಅರ್ಕಾವತಿ, ಎರಡು ಪಿನಾಕಿನಿ, ಇಷ್ಟೂ ಹುಟ್ಟುವುದು ನಮ್ಮ ನಂದಿ ಬೆಟ್ಟದ ಸುತ್ತಮುತ್ತ. ನಮ್ಮ ನಲ್ಲಿ ಮಾತ್ರ ಒಣಗಿರುತ್ತದೆ. ತೇಲೂರು ನಮ್ಮ ಮೇಲೆ ಬಂದ ದಿನ ದಯವಿಟ್ಟು ಎರಡು ಮೋಡ ಇಲ್ಲೇ ಕರೆಯಿರಿ.

ಬಂಗಾರಪೇಟೆ ರೈಲು
ಸರದಿಯಲ್ಲಿ ಬನ್ನಿ. ನಾವು ಸಾವಿರ ಅಡಿ ಬೋರ್ ಕೊರೆಸಿ ಧೂಳು ನೋಡಿದವರು.

ಪಾವಗಡ ಬಿಸಿಲು
ಪಾವಗಡದವನ ಮುಂದೆ ಯಾರೂ ಈ ಮಾತು ಆಡಬೇಡಿ. ನಮ್ಮಲ್ಲಿ ಬಿಸಿಲು ಎಷ್ಟಿದೆ ಅಂದರೆ 2000 ಮೆಗಾವ್ಯಾಟ್‌ಗೂ ಜಾಸ್ತಿ ಕರೆಂಟ್ ತೆಗೆಯುತ್ತಾರೆ. ನಮ್ಮೂರಿನ ಮೇಲೆ ತೇಲೂರು ಬಂದರೆ ಮೋಡಗಳಿಗೇ ಬಾಯಾರಿಕೆ ಆಗುತ್ತದೆ.

ಅಡ್ಮಿನ್ ಅಕ್ಕ
ನೀರಿನ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಪೇಪರ್.

ಚಿಪ್ಪು, ನಿನ್ನ ಪಾತ್ರಗಳು ನನಗೆ ಇಷ್ಟ ಆದವು. ಮೂಲ ಕಥೆಯ ಎರಡು ವಿಷಯ ಮಾತ್ರ ನೆನಪಿಟ್ಟುಕೊ. ಒಂದು, ತೇಲೂರಿನಲ್ಲಿ ಕಾಗದ ಇಲ್ಲ. ಆರನೇ ಕಥೆಯಲ್ಲಿ ಪಟೇಲರು ಪತ್ರವನ್ನು ಬಾಳೆ ಎಲೆ ಮೇಲೆ ಬರೆದು, ಅದನ್ನು ಮೇಕೆ ತಿನ್ನುವುದು ನೆನಪಿದೆಯಾ? ಎರಡು, ಬುಡಬುಡಿಕೆಯವನನ್ನು ಕೆಟ್ಟವನನ್ನಾಗಿ ಮಾಡಬೇಡ. ಅವನ ಮೇಲೆ ನನಗೆ ಪ್ರೀತಿ.

ತಿಪಟೂರು ಚಿಪ್ಪು
ಅಯ್ಯೋ ಕಾಗದ! ಅಕ್ಕ, ನಾನು ಮೂರು ಅಧ್ಯಾಯದಲ್ಲಿ ಬರೀ ಕಾಗದದ ವಾಸನೆ ವರ್ಣಿಸಿದ್ದೇನೆ.

ಗುಬ್ಬಿ ಪರದೆ
ಮನೆಅಳಿಯ ಮಾವನ ಮನೆ ನಿಯಮ ಮರೆತ.

ನಿವೃತ್ತ ಮೇಷ್ಟ್ರು
ನಾನು ಗೌರಿಬಿದನೂರಿನ ಕಡೆಯವನು. ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಕಾಗದ ಇಲ್ಲದಿದ್ದರೆ ಕಡತ ಬಳಸಿ ಮಗು.

ಈಗ ಕಡತ ಅಂದರೆ ಕಚೇರಿಯ ಫೈಲ್ ಅಂದುಕೊಂಡಿದ್ದೇವೆ. ಹಿಂದೆ ಅದು ನಿಜವಾದ ವಸ್ತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸುತ್ತಿದ್ದರು. ಕಪ್ಪು ಹಲಗೆಯ ಹಾಗೆ ಗಟ್ಟಿ ಆಗುತ್ತಿತ್ತು. ಆಮೇಲೆ ಬೀಸಣಿಗೆಯ ಹಾಗೆ ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬಿಳಿ ಅಕ್ಷರ ಬರೆಯುತ್ತಿದ್ದರು. ಲೆಕ್ಕ, ಊರಿನ ವಿದ್ಯಮಾನ, ಹಾಡು ಎಲ್ಲ ಅದರಲ್ಲೇ. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. ಬೇಕಾದರೆ ಮತ್ತೊಂದು ಸಲ ಬಳಿಯಬಹುದು.

ನಿಮ್ಮ ತೇಲೂರು ದಿನಾ ನಿಲ್ಲುವುದೇ ಹುಣಸೆಮರಕ್ಕೆ. ಬೀಜಕ್ಕೆ ಬರ ಇಲ್ಲ.

ಮೊಳೆ ಮಗ
ಮೇಷ್ಟ್ರೇ, ಕಾಲಿಗೆ ಬಿದ್ದೆ. ಅಪ್ಪನ ಮೊಳೆಗಳು ಇನ್ನು ಬೇಡ, ಇದೇ ಇರಲಿ.

ಪೇಪರ್ ಸೈಕಲ್
ಒಂದು ನಿಮಿಷ. ಒರೆಸಿ ಮತ್ತೆ ಬರೆಯಬಹುದು ಅಂದರೆ ಪೇಪರ್ ಹಾಕುವ ಹುಡುಗ ಹೊಸದನ್ನು ಕೊಟ್ಟು ನಿನ್ನೆಯದನ್ನು ವಾಪಸ್ ತರಬೇಕು. ಹಾಲಿನ ಬಾಟಲಿ ಥರ. ಆಗ ಸೈಕಲ್ ಹೋಗುವಾಗಲೂ ಭಾರ, ಬರುವಾಗಲೂ ಭಾರ.

ಶಿರಾ ಕೊಕ್ಕರೆ
ಸೈಕಲ್ ಯಾಕೆ? ನಮ್ಮ ಕಗ್ಗಲಡು ಊರಿಗೆ ಬನ್ನಿ. ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರ ಮಧ್ಯದಲ್ಲೇ. ಹುಣಸೆಮರ ಅಂದಮೇಲೆ ತೇಲೂರಿಗೂ ಅವಕ್ಕೂ ಸಂಬಂಧ ಇದ್ದೇ ಇದೆ. ಉದ್ದ ಕೊಕ್ಕಿನಲ್ಲಿ ಮಡಿಸಿದ ಕಡತ ಕಚ್ಚಿಕೊಂಡು ಮನೆಮನೆಗೆ ಹಾಕಲಿ. ವರ್ಷಪೂರ್ತಿ ಇರುವುದಿಲ್ಲ, ಮರಿ ಮಾಡಿಕೊಂಡು ಹೋಗಿಬಿಡುತ್ತವೆ. ಆ ತಿಂಗಳುಗಳಲ್ಲಿ ಕರಡಪ್ಪನೇ ಹೆಗಲ ಮೇಲೆ ಹೊರಲಿ.

ಚಿಂತಾಮಣಿ ಚಿಟ್ಟೆ
ಕೊಕ್ಕರೆ ಕೆಳಗೆ ನಿಂತ ಚಂದಾದಾರನ ತಲೆ ಮೇಲೆ ಬೀಳುವುದು ಪೇಪರ್ ಒಂದೇ ಅಲ್ಲ ಅನ್ನುವುದನ್ನೂ ಬರೆಯಿರಿ.

ರಾತ್ರಿ ಪಾಳಿ
ಕಡತದಲ್ಲಿ ಒಂದು ಗುಂಡಿ ಇದೆ, ಯಾರಾದರೂ ನೋಡಿದಿರಾ? ದಿನಾ ಒರೆಸಿದರೆ ಹಳೇ ಸಂಚಿಕೆ ಇರುವುದಿಲ್ಲ. 'ನೀವು ಹೋದ ತಿಂಗಳು ಹೀಗೆ ಬರೆದಿರಿ' ಅಂತ ಯಾರಾದರೂ ಬಂದರೆ ತೋರಿಸಲು ಏನೂ ಇಲ್ಲ. ಬುಡಬುಡಿಕೆಯವನಿಗೂ ಅದೇ ಅನುಕೂಲ. ಅವನು ಹೋದ ವಾರ ಹೇಳಿದ್ದು ಆಯಿತೋ ಇಲ್ಲವೋ ನೋಡಲು ಯಾರ ಹತ್ತಿರವೂ ಬರಹ ಇಲ್ಲ. ಪೇಪರ್ ಆಫೀಸಿನಲ್ಲಿ ಅತ್ಯಂತ ಧೂಳು ಹಿಡಿದ ಕೋಣೆ ಹಳೇ ಸಂಚಿಕೆಗಳದು. ಅದು ಇಲ್ಲದ ಪೇಪರ್ ಪೇಪರೇ ಅಲ್ಲ.

ಹಾಗೆಯೇ ಕೊನೇ ಪುಟದ ಅಡಿಯ ಸಣ್ಣಕ್ಷರ ಮರೆಯಬೇಡಿ. ಮುದ್ರಕರು ಯಾರು, ಪ್ರಕಾಶಕರು ಯಾರು, ಎಲ್ಲಿ ಅಚ್ಚಾಯಿತು. ನಮ್ಮಲ್ಲಿ 1867ರ ಕಾಯ್ದೆಯ ಕಾಲದಿಂದ ಅದು ಕಡ್ಡಾಯ. ಯಾರೂ ಓದುವುದಿಲ್ಲ.

ಸುಮ್ನೆ ಓದುಗ
ತೇಲೂರಿನಲ್ಲಿ ಎಲ್ಲರೂ ಅದನ್ನೇ ಮೊದಲು ಓದುತ್ತಾರೆ! ಊರು ರಾತ್ರಿಯೆಲ್ಲ ತೇಲಿ ಬಂದಿದೆ. ಬೆಳಿಗ್ಗೆ ಎದ್ದವರಿಗೆ ತಾವು ಎಲ್ಲಿದ್ದೇವೆ ಅಂತಲೇ ಗೊತ್ತಿಲ್ಲ. 'ಈ ಸಂಚಿಕೆ ಬರೆದದ್ದು ದೇವರಾಯನದುರ್ಗದ ಬಡಗಣ ಇಳಿಜಾರಿನ ಹುಣಸೆಮರದ ಮೇಲೆ.' ಬುಡಬುಡಿಕೆಯವನು ನಾಳೆ ಹೇಳುತ್ತಾನೆ. ಇವತ್ತು ಎಲ್ಲಿದ್ದೇವೆ ಅನ್ನುವುದು ಪೇಪರಿನಲ್ಲಿ ಮಾತ್ರ.

ಅಡ್ಮಿನ್ ಅಕ್ಕ
ಇದು ನನಗೇ ಹೊಳೆದಿರಲಿಲ್ಲ. ಮೂಲ ಕಥೆಗೂ ಸೇರಿಸುತ್ತೇನೆ, ಒಪ್ಪಿಗೆ ಇದೆಯಾ?

ಸುಮ್ನೆ ಓದುಗ
ಒಪ್ಪಿಗೆ. ಬೈಲೈನ್ ಬೇಕು.

ಕ್ಯಾತ್ಸಂದ್ರ ಬೆಣ್ಣೆ
ತಡವಾಗಿ ಬಂದೆ. 'ತಂಗಳು' ಅನ್ನುವ ಹೆಸರನ್ನು ಯಾರೂ ಹೊಗಳಿಲ್ಲವಲ್ಲ. ರಾತ್ರಿಯ ಹುಳಿ ಬೆಳಿಗ್ಗೆಯೇ ರುಚಿ. ತಂಗಳು ಮುದ್ದೆ ಮಜ್ಜಿಗೆಯಲ್ಲಿ ಕಿವುಚಿಕೊಂಡು ಕುಡಿದು ನೋಡಿ. ಸುದ್ದಿಯೂ ಒಂದು ರಾತ್ರಿ ಕೂತರೆ ಉಪ್ಪು ಹುಳಿ ಸರಿಯಾಗಿ ಹಿಡಿಯುತ್ತದೆ.

ಆದರೆ ಒಂದು ನಷ್ಟ. ಕಡತದಲ್ಲಿ ತಟ್ಟೆ ಇಡ್ಲಿ ಕಟ್ಟಲಾಗುವುದಿಲ್ಲ.

ಪೇಪರ್ ಸೈಕಲ್
ಕಾಗದದ ಪೇಪರಿನಲ್ಲೂ ಕಟ್ಟಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದವರೇ ಹೇಳಿದ್ದಾರೆ. ಮಸಿ ಹೊಟ್ಟೆಗೆ ಹೋಗುತ್ತದೆ.

ಕ್ಯಾತ್ಸಂದ್ರ ಬೆಣ್ಣೆ
ಚಿಕ್ಕಂದಿನಿಂದ ಬೋಂಡದ ಜೊತೆ ಎಷ್ಟು ಸಂಪಾದಕೀಯ ತಿಂದಿದ್ದೇನೋ. ಅದಕ್ಕೇ ಇಷ್ಟು ವಾದ ಮಾಡುತ್ತೇನೆ ಅನ್ನಿಸುತ್ತದೆ.

ಶಿಡ್ಲಘಟ್ಟ ಗೂಡು
ಎಲ್ಲ ಸರಿ, ಕಡತಕ್ಕೆ ಬಟ್ಟೆ ಎಲ್ಲಿಂದ? ಮುನ್ನೂರು ಮನೆಗೆ ಮುನ್ನೂರು ಕಡತ. ಹೊಸ ಬಟ್ಟೆ ತರಲು ತಂಗಳಜ್ಜಿ ಏನು ಸಾಹುಕಾರ್ತಿಯೇ? ಹಳೇ ಬಟ್ಟೆ ಬೇಕು. ಊರಿನ ಹಳೇ ಬಟ್ಟೆಯೆಲ್ಲ ಬುಡಬುಡಿಕೆಯವನ ಹೆಗಲಿಗೆ ಹೋಗುತ್ತದೆ. ಮೊದಲನೇ ಪೋಸ್ಟಿನಲ್ಲಿ ನೀವೇ ಬರೆದಿದ್ದೀರಿ.

ಗುಬ್ಬಿ ಪರದೆ
ಅಬ್ಬಾ! ಕಥೆ ಇಲ್ಲೇ ಇದೆ. ಜಗಳ ನಾಳೆಗೂ ಅಲ್ಲ, ನಿನ್ನೆಗೂ ಅಲ್ಲ. ಹಳೇ ಪಂಚೆಗೆ.

ರಾತ್ರಿ ಪಾಳಿ
ನ್ಯೂಸ್‌ಪ್ರಿಂಟ್ ರೇಟು ಏರಿದಾಗ ನಮ್ಮ ಮ್ಯಾನೇಜರ್ ಮುಖ ಹೇಗಿರುತ್ತಿತ್ತೋ ತಂಗಳಜ್ಜಿಯ ಮುಖವೂ ಹಾಗೇ ಇರಲಿ.

ನಿವೃತ್ತ ಮೇಷ್ಟ್ರು
ಅವನನ್ನು ಕೆಟ್ಟವನು ಮಾಡಬೇಡಿ ಅಂದರಲ್ಲ ಅಡ್ಮಿನ್ ಅಮ್ಮ. ಒಂದು ಒಪ್ಪಂದ ಆಗಲಿ. ಅವನು ಬಟ್ಟೆ ಕೊಡಲಿ. ಬದಲಿಗೆ ಅವನು ಹೇಳಿದ್ದರಲ್ಲಿ ಆದದ್ದೆಷ್ಟು ಅಂತ ಪೇಪರಿನವರು ದಿನಾ ಹಾಕಲಿ. ಮುಕ್ಕಾಲು ಪಾಲು ಆಗುತ್ತದಲ್ಲ, ಅವನಿಗೂ ಹೆಸರು. ಆಗದೇ ಹೋದ ಕಾಲು ಭಾಗವನ್ನೂ ಹಾಕಬೇಕು. ಅಲ್ಲಿ ಜಗಳ ಬರುತ್ತದೆ.

ತಿಪಟೂರು ಚಿಪ್ಪು
ಎಲ್ಲರಿಗೂ ಶರಣು. ಮೂರೂ ಅಧ್ಯಾಯ ಕಿತ್ತು ಹಾಕಿ ನಿನ್ನೆ ರಾತ್ರಿ ಎರಡರ ತನಕ ಕೂತು ಹೊಸದಾಗಿ ಬರೆದೆ. ರಾತ್ರಿ ಪಾಳಿ ಅಣ್ಣ ಹೇಳಿದ ಹಳೇ ಸಂಚಿಕೆಯ ಗುಂಡಿಗೆ ಒಂದು ದಾರಿ ಸಿಕ್ಕಿತು. ಆ ತುಂಡು ಇಲ್ಲಿ ಹಾಕುತ್ತಿದ್ದೇನೆ. ಪೇಪರ್ ಹಾಕುವವಳು ಹೊಸ ಪಾತ್ರ, ಕೊಕ್ಕಿ, ಕಗ್ಗಲಡು ಕಡೆಯ ಕೊಕ್ಕರೆ.

'ಕೊಕ್ಕಿ ಕಡತ ಎಣಿಸಿದಳು. ಇನ್ನೂರ ತೊಂಬತ್ತೊಂಬತ್ತು. ಮತ್ತೆ ಎಣಿಸಿದಳು. ಅಷ್ಟೇ.

"ಮತ್ತೆ ಆ ತುದಿ ಮನೆ ಸಾಕಮ್ಮನಾ?" ಅಂದಳು ತಂಗಳಜ್ಜಿ.

"ಹೂಂ. ಹೊಸದು ಇಸ್ಕೊಂಡಳು, ಹಳೇದು ಕೊಡಲಿಲ್ಲ. ಇವತ್ತಿಗೆ ನಲವತ್ತೊಂದು ದಿನ."

ಚಂದಾ ಚೇಳು ಬಾಲ ಎತ್ತಿತು. ತಂಗಳಜ್ಜಿ ಬೇಡ ಅಂದಳು. ತಾನೇ ಕೋಲು ಊರಿಕೊಂಡು ಹೊರಟಳು, ಹಿಂದೆ ಕರಡಪ್ಪ.

ಸಾಕಮ್ಮನ ಮನೆ ಅಟ್ಟದ ಮೇಲೆ ಕಡತಗಳು ಸಾಲಾಗಿ ಕೂತಿದ್ದವು. ಎಲ್ಲಕ್ಕೂ ಕೆಳಗಿನದನ್ನು ಅವಳು ತೆಗೆದು ಬಿಚ್ಚಿದಳು. ನಾಲ್ಕನೇ ಮಡಿಕೆಯಲ್ಲಿ ಎರಡು ಸಾಲು. ಮೋಡ ಮೇಯಿಸುವ ಈರಣ್ಣ ನಿನ್ನೆ ಸಂಜೆ ತೀರಿಕೊಂಡರು. ಅವರ ಕರಿ ಮೋಡ ಗೊಂತಿನಲ್ಲಿ ನಿಂತು ರಾತ್ರಿಯೆಲ್ಲ ಸುರಿಯಿತು.

"ಇದನ್ನು ಒರೆಸುತ್ತೀರಲ್ಲ ನೀವು" ಅಂದಳು ಸಾಕಮ್ಮ. "ಒಂದು ಕೊಡದೆ ಇಟ್ಟುಕೊಂಡೆ. ಆಮೇಲೆ ಮಿಕ್ಕಿದ್ದರಲ್ಲೂ ಯಾರದೋ ಮನೆಯವರು ಇರುತ್ತಾರಲ್ಲ ಅನ್ನಿಸಿತು."

ಕರಡಪ್ಪ ತೊಲೆ ಕಡೆ ನೋಡಿದ. ಲೊಚ್ಚಮ್ಮ ಯಾವಾಗ ಹಿಂದೆ ಬಂದಿದ್ದಳೋ, ಅಲ್ಲಿದ್ದಳು. ಲೊಚ್ ಅನ್ನಲಿಲ್ಲ. ಯಾರೂ ಕೇಳಿರಲಿಲ್ಲ.

"ದಿನಾ ಎರಡು ಕಡತ ಹಾಕು ಇವಳಿಗೆ" ಅಂದಳು ತಂಗಳಜ್ಜಿ ಕೊಕ್ಕಿಗೆ. "ಒಂದು ಓದೋದಕ್ಕೆ, ಒಂದು ಇಡೋದಕ್ಕೆ."'

ಪೇಪರ್ ಸೈಕಲ್
ಗೇಟ್ ಹತ್ತಿರ ಕಾಯುತ್ತಿದ್ದ ತಾತ ನೆನಪಾದರು. ಒಂದು ದಿನ ಅವರ ಫೋಟೋ ಇದ್ದ ಪೇಪರನ್ನು ಆ ಮನೆಗೆ ನಾನೇ ಹಾಕಿದ್ದೆ.

ಶಿಡ್ಲಘಟ್ಟ ಗೂಡು
ಒಳ್ಳೇದಾಯಿತು ಚಿಪ್ಪು. ಆದರೆ ಬಟ್ಟೆಗೆ ಬರ ಇರುವಾಗ ದಿನಾ ಎರಡು ಕಡತ? ಲೆಕ್ಕ ಹೊಂದುವುದಿಲ್ಲ.

ತಿಪಟೂರು ಚಿಪ್ಪು
ಮುಂದಿನ ಅಧ್ಯಾಯದಲ್ಲಿ ತಂಗಳಜ್ಜಿ ತನ್ನ ಸೀರೆ ಕತ್ತರಿಸುತ್ತಾಳೆ ಗೂಡಕ್ಕ. ಆಮೇಲೆ ಬುಡಬುಡಿಕೆಯವನು ಬರುತ್ತಾನೆ.

ಅಡ್ಮಿನ್ ಅಕ್ಕ
ಬರಲಿ. ಅವನ ಹೆಗಲ ಮೇಲೆ ಈರಣ್ಣನ ಪಂಚೆಯೂ ಇರುತ್ತದೆ ಅಲ್ವಾ?

ತಿಪಟೂರು ಚಿಪ್ಪು
ಅಕ್ಕಾ! ಅದನ್ನು ಹೇಳಬೇಡಿ ಅಂತ ಬೇಡಿಕೊಳ್ಳುವವನಿದ್ದೆ.

ಮೊಳೆ ಮಗ
ಒಂದು ಸಣ್ಣ ತಪ್ಪು. ತುಂಡಿನಲ್ಲಿ ಒಟ್ಟು ಇನ್ನೂರ ತೊಂಬತ್ತೊಂಬತ್ತು ಕಡತ ವಾಪಸ್ ಬಂದವು ಅಂದಿದ್ದೀರಿ. ನಲವತ್ತೊಂದು ದಿನ ಸಾಕಮ್ಮ ಕೊಟ್ಟಿಲ್ಲ ಅಂದಮೇಲೆ ನಲವತ್ತೊಂದು ಕಡತ ಹೊಸದಾಗಿ ಮಾಡಿರಬೇಕು. ಅದು ಎಲ್ಲೂ ಬಂದಿಲ್ಲ.

ಸುಮ್ನೆ ಓದುಗ
ಲೊಚ್.